ಪಾಗಾದ ಫರಸಿ

ಹಳೆಯ ಕಟ್ಟಡ ನೋಡಲು ಹೋದಾಗ ನನಗೊಂದು ಕೆಟ್ಟ ಚಟವಿದೆ. ಜೊತೆಗೆ ಬಂದವರೆಲ್ಲ ಕತ್ತೆತ್ತಿ ಕಮಾನು, ಗುಮ್ಮಟ, ಗಿಲಾವು ನೋಡುತ್ತ ಬೆರಗಾಗುತ್ತಿದ್ದರೆ ನಾನು ತಲೆತಗ್ಗಿಸಿ ನೆಲ ನೋಡುತ್ತಿರುತ್ತೇನೆ. ಬರೀ ನೋಡಿದರೆ ಪರವಾಗಿಲ್ಲ, ಹಿಮ್ಮಡಿಯಿಂದ ಎರಡು ಸಲ ಕುಟ್ಟಿ ಕಿವಿಗೊಡುತ್ತೇನೆ. ವಿಜಯಪುರದಲ್ಲಿ ಒಮ್ಮೆ ಹೀಗೆ ಕುಟ್ಟುತ್ತಿದ್ದಾಗ ಕಾವಲುಗಾರ ಬಂದು, "ಏನ್ ಕಳಕೊಂಡೀರಿ ಯಜಮಾನ್ರ?" ಎಂದು ಕೇಳಿದ. ನನ್ನ ಹೆಂಡತಿ ನನ್ನ ಪರವಾಗಿ, "ಬುದ್ಧಿ" ಎಂದು ಉತ್ತರ ಕೊಟ್ಟಳು. ಅವನು ಅದನ್ನು ಒಪ್ಪಿಕೊಂಡು ಹೋದ.

ಬುದ್ಧಿ ಕಳೆದುಕೊಂಡದ್ದು ವಿಜಯಪುರದಲ್ಲಿ ಅಲ್ಲ, ನಮ್ಮೂರಲ್ಲಿ. ಊರಿನ ಹೆಸರು ಕೇಳಬೇಡಿ. ಹೇಳುವುದಿಲ್ಲವೆಂದು ಅವ್ವನಿಗೆ ಮಾತು ಕೊಟ್ಟಿದ್ದೇನೆ. ಶಹಾಪುರ ತಾಲೂಕಿನದೇ, ವನದುರ್ಗಕ್ಕೂ ಗೋಗಿಗೂ ನಡುವೆ ಎಲ್ಲೋ ಇದೆ ಎಂದಿಟ್ಟುಕೊಳ್ಳಿ. ಇದೇ ನಮ್ಮ ಊರಿನವರ ಹೊಟ್ಟೆನೋವಾಗಿತ್ತು. ವನದುರ್ಗದವರಿಗೆ ಕೋಟೆ ಇದೆ. ಗೋಗಿಯವರಿಗೆ ಸುಲ್ತಾನರ ಗೋರಿ ಇದೆ. ಸುರಪುರದವರಿಗಂತೂ ಅರಮನೆ, ನಾಯಕರು, ಹಾಡು, ಕಥೆ ಎಲ್ಲವೂ ಇದೆ. ನಮ್ಮ ಪಾಲಿಗೆ ಇತಿಹಾಸ ಬಿಟ್ಟುಹೋದದ್ದು ಒಂದು ಪಾಗಾ, ಅಂದರೆ ಕುದುರೆ ಲಾಯ. ಬೀಗರ ಊರಿನವರು, "ನಾಯಕರು ಯುದ್ಧಕ್ಕ ವನದುರ್ಗಕ್ಕ ಹೋಗ್ತಿದ್ರು, ಲದ್ದಿ ಹಾಕ್ಸಾಕ ನಿಮ್ಮೂರಿಗೆ ಬರ್ತಿದ್ರು" ಎಂದು ಹಂಗಿಸಿದರೆ ನಮ್ಮವರು ಊಟದ ಎಲೆ ಮುಂದೆ ಸುಮ್ಮನೆ ಕೂಡಬೇಕಾಗುತ್ತಿತ್ತು.

ಏಳು ಕಮಾನಿನ ಉದ್ದನೆಯ ಕಟ್ಟಡ ಅದು. ಯಾರು ಕಟ್ಟಿಸಿದರೆಂದು ಕೇಳಿದರೆ ನಮ್ಮೂರಲ್ಲಿ ಒಬ್ಬೊಬ್ಬರು ಒಬ್ಬೊಬ್ಬ ರಾಜನ ಹೆಸರು ಹೇಳುತ್ತಿದ್ದರು. ಪಾಂಡವರು ವನವಾಸದಲ್ಲಿದ್ದಾಗ ಕಟ್ಟಿದರೆಂದು ಹೇಳುವವರೂ ಇದ್ದರು. ವನವಾಸಕ್ಕೆ ನಡೆದು ಹೋದವರಿಗೆ ಕುದುರೆ ಎಲ್ಲಿಂದ ಬಂದವು ಎಂದು ನಾನು ಹುಡುಗನಿದ್ದಾಗ ಕೇಳಿ ಕಪಾಳಕ್ಕೆ ತಿಂದಿದ್ದೆ. ಯಾರು ಕಟ್ಟಿಸಿದರೂ ಕುದುರೆಗಳು ಹೋಗಿ ಬಹಳ ಕಾಲವಾಗಿತ್ತು. ಆಮೇಲೆ ಅಲ್ಲಿ ಆಡುಗಳಿದ್ದವು, ಆಡುಗಳ ಮೇಲೆ ಬಾವಲಿಗಳಿದ್ದವು. ಆಗಾಗ ಅಪ್ಪನೊಂದಿಗೆ ಜಗಳವಾಡಿದ ಗಂಡುಮಕ್ಕಳು ಬಂದು ಎರಡು ದಿನ ಇದ್ದು, ಹಸಿವಾದ ಮೇಲೆ ಮನೆಗೆ ಹೋಗುತ್ತಿದ್ದರು.

ಹೈದರಾಬಾದ್ ಸಂಸ್ಥಾನ ಹಿಂದುಸ್ಥಾನದೊಳಗೆ ಸೇರಿದ ಮೇಲಿನ ವರ್ಷಗಳವು. ಊರಿಗೆ ಹೊಸದೆಲ್ಲ ಒಟ್ಟಿಗೇ ಬರುತ್ತಿತ್ತು. ಹೊಸ ಬಾವುಟ, ಹೊಸ ನಾಣ್ಯ, ಹೊಸ ಅಧಿಕಾರಿಗಳು. ನಾನು ಹೊಸ ಮಾಸ್ತರನಾಗಿದ್ದೆ. ನಾನು ಕಲಿತದ್ದೆಲ್ಲ ಉರ್ದುವಿನಲ್ಲಿ, ಕಲಿಸಬೇಕಾದದ್ದು ಕನ್ನಡದಲ್ಲಿ. ಹಗಲು ಮಕ್ಕಳಿಗೆ ಕಲಿಸುವ ಪಾಠವನ್ನು ಬೆಳಗ್ಗೆ ಎದ್ದು ನಾನೇ ಕಲಿತುಕೊಳ್ಳುತ್ತಿದ್ದೆ. ಮಕ್ಕಳಿಗಿಂತ ನಾಲ್ಕು ತಾಸು ಮುಂದಿದ್ದೆ, ಅಷ್ಟೇ. ಆದರೂ ಊರಿನಲ್ಲಿ ಕನ್ನಡ ಬರೆಯಬಲ್ಲ ಹೊಸಕಾಲದ ಮನುಷ್ಯ ನಾನೇ ಎಂಬ ಸೊಕ್ಕು ತಲೆಗೇರಿತ್ತು.

ಆಗ ತಾಲೂಕಿಗೆ ಒಬ್ಬ ಸಾಹೇಬರು ಬಂದರು. ಮಂಗಳೂರು ಕಡೆಯವರು. ಪುಸ್ತಕದಲ್ಲಿ ಅಚ್ಚಾದ ಹಾಗೆ ಕನ್ನಡ ಮಾತಾಡುತ್ತಿದ್ದರು. ಅವರು "ಮಾರಾಯರೇ" ಎಂದಾಗ ನಮ್ಮೂರ ಕಂದಾಯ ನೋಡುವ ಮಾಲಿ ಪಾಟೀಲ ಶರಣಪ್ಪಗೌಡರು, ಸಾಹೇಬರು ತಮ್ಮನ್ನು ಮಹಾರಾಜರೆಂದು ಕರೆದರೆಂದು ಎಂಟು ದಿನ ಎದೆಯುಬ್ಬಿಸಿ ಓಡಾಡಿದರು. ಸಾಹೇಬರಿಗೆ ಎರಡು ಕೆಲಸ. ಒಂದು ಸರಕಾರ ಹೇಳಿದ್ದು: ಊರೂರು ತಿರುಗಿ ಲೆವಿ ವಸೂಲು ಮಾಡುವುದು. ರೈತರು ಬೆಳೆದ ಜೋಳದಲ್ಲಿ ಇಷ್ಟು ಪಾಲು ಸರಕಾರಕ್ಕೆ ಅಳೆಯಲೇಬೇಕೆಂಬ ಕಾನೂನು ಅದು. ನಿಜಾಮರ ಕಾಲದಲ್ಲಿ ಶುರುವಾಗಿದ್ದು, ನಿಜಾಮರು ಹೋದರೂ ಹೋಗಿರಲಿಲ್ಲ. ಎರಡನೆಯದು ಅವರು ತಾವೇ ಮೈಮೇಲೆ ಎಳೆದುಕೊಂಡದ್ದು: ಪಾಳುಬಿದ್ದ ಹಳೆಯ ಕಟ್ಟಡ ಕಂಡರೆ ಅವರಿಗೆ ತಾಯಿ ಕಳೆದುಕೊಂಡ ಕರು ಕಂಡಂತಾಗುತ್ತಿತ್ತು. ನಮ್ಮ ಪಾಗಾ ಕಂಡವರೇ ಕಮಾನು ತಬ್ಬಿಕೊಂಡರು. ಬಾವಲಿ ಹಿಕ್ಕೆ ಕೋಟಿಗೆ ಹತ್ತಿದ್ದೂ ಅವರಿಗೆ ಗೊತ್ತಾಗಲಿಲ್ಲ.

"ಇದನ್ನು ರಿಪೇರಿ ಮಾಡಿಸುವ. ಮಾಡಿಸಿ ಊರಿನವರ ಸಾರ್ವಜನಿಕ ಉಪಯೋಗಕ್ಕೆ ಬಿಡುವ" ಎಂದರು. ಮಾಡಿಸಿದರು ಕೂಡ. ಆಡುಗಳು ಹೊರಬಿದ್ದವು, ಬಾವಲಿಗಳು ಗೌಡರ ಮನೆ ಅಟ್ಟಕ್ಕೆ ಬಿಡಾರ ಬದಲಿಸಿದವು, ಗೋಡೆಗೆ ಗಚ್ಚು ಬಂತು. ಕೊನೆಗೆ ನೆಲದ ಮಾತು ಬಂದಾಗ ಸಾಹೇಬರು ನನ್ನ ಕಡೆ ತಿರುಗಿ, "ಮಾಸ್ತರರೇ, ನೀವು ಸಮಿತಿಯ ಕಾರ್ಯದರ್ಶಿಗಳು. ಮೊದಲಿನ ಹಾಗೆ ಮಣ್ಣಿನ ನೆಲವೇ ಇರಲಿಯೋ, ಕಲ್ಲು ಹಾಸುವುದೋ?" ಎಂದು ಕೇಳಿದರು. ಮಣ್ಣು ಎಂದರೆ ಹಳ್ಳಿಗಮಾರ ಎಂದುಕೊಂಡಾರು ಎನಿಸಿತು. ಎದೆ ಸೆಟೆಸಿ, "ಶಹಾಬಾದ್ ಫರಸಿ, ಸಾಹೇಬರೆ. ಸಂದು ಇಲ್ಲದ ಹಾಗೆ" ಎಂದೆ. ನನ್ನ ಆಯುಷ್ಯದಲ್ಲಿ ನಾನು ಸರಕಾರಕ್ಕೆ ಕೊಟ್ಟ ಸಲಹೆ ಅದೊಂದೇ. ಅದೊಂದನ್ನು ಸರಕಾರ ಅಕ್ಷರಶಃ ಪಾಲಿಸಿತು.

ಫರಸಿ ಹಾಸಿದವನು ಗೌಂಡಿ ಹುಸೇನ್ ಸಾಬ. ಎಂಟು ದಿನದ ಕೆಲಸ. ಎಂಟೂ ದಿನ ಊರಿಗೆ ಊರೇ ಬಂದು ನಿಂತು ನೋಡಿತು. ಒಬ್ಬರ ತುಟಿಯೂ ಪಿಟ್ಟೆನ್ನಲಿಲ್ಲ. ಮನೆಮನೆಗೆ ರೊಟ್ಟಿ ಬಡಿದುಕೊಟ್ಟು ಬದುಕುತ್ತಿದ್ದ ನಾಗಮ್ಮ ಎಂಬ ವಿಧವೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಮ್ಮ ಜನಕ್ಕೆ ಕೊನೆಗೂ ಇತಿಹಾಸಪ್ರಜ್ಞೆ ಬಂತೆಂದು ನಾನು ಹಿಗ್ಗಿದೆ. ಪರಂಪರೆಯನ್ನು ಕಂಡು ಕಣ್ಣೀರಿಡುವ ಹೆಣ್ಣುಮಗಳ ಬಗ್ಗೆ ಮರುದಿನ ಶಾಲೆಯಲ್ಲಿ ಒಂದು ಪಾಠವನ್ನೇ ಮಾಡಿದೆ.

ಮನೆಯಲ್ಲಿ ಮಾತ್ರ ಅವ್ವ ನನ್ನೊಂದಿಗೆ ಮಾತು ಬಿಟ್ಟಿದ್ದಳು. ಅವ್ವ ಮಾತು ಬಿಟ್ಟಳೆಂದರೆ ಕೋಪ ತಟ್ಟೆಗೆ ಬರುತ್ತದೆ. ಸಜ್ಜೆ ರೊಟ್ಟಿ ಬರತೊಡಗಿತು. ಬೇಸಿಗೆಯ ಧಗೆಯಲ್ಲಿ ಮೂರು ಹೊತ್ತೂ ಸಜ್ಜೆ ರೊಟ್ಟಿ ತಿಂದು ಮೈಯೆಲ್ಲ ಉರಿ ಹತ್ತಿತು. ಒಂಬತ್ತನೆಯ ದಿನ ತಡೆಯಲಾರದೆ, "ಅವ್ವಾ, ಜ್ವಾಳದ ರೊಟ್ಟಿ ಯಾಕ ಮಾಡವಲ್ಲಿ?" ಎಂದೆ.

"ಜ್ವಾಳ ನಿನ್ನ ಫರಸಿ ಬುಡಕ ಮಲಗ್ಯಾದ. ಹೋಗಿ ಎಬ್ಬಿಸ್ಕೊಂಡ್ ಬಾ" ಎಂದಳು.

ಕಥೆ ಹೊರಬಿತ್ತು. ನಿಜಾಮರ ಕೊನೆಯ ವರ್ಷಗಳಲ್ಲಿ ಲೆವಿಯವರು ಮನೆಮನೆ ಹೊಕ್ಕು ಹಗೇವು ತೆಗೆಸುತ್ತಿದ್ದರು. ಅಪ್ಪ ತೀರಿಕೊಂಡಿದ್ದ, ನಾನು ದೂರದಲ್ಲಿ ಓದುತ್ತಿದ್ದೆ. ಅವ್ವ ಯೋಚನೆ ಮಾಡಿದಳು: ಸರಕಾರದವರು ಎಲ್ಲಿ ಬೇಕಾದರೂ ಹುಡುಕಿಯಾರು, ಸರಕಾರದ್ದೇ ಜಾಗದಲ್ಲಿ ಹುಡುಕುವಷ್ಟು ತಲೆ ಅವರಿಗಿಲ್ಲ. ಆಡು ಕಟ್ಟುವ ನೆಪದಲ್ಲಿ ಪಾಗಾಕ್ಕೆ ಹೋದಾಗ ಮೂರನೆಯ ಕಮಾನಿನ ಕೆಳಗೆ ಹಿಕ್ಕೆಯಡಿ ಒಂದು ಹಳೆಯ ಹಗೇವಿನ ಬಾಯಿ ಕಂಡಿತ್ತು. ಬುಟ್ಟಿ ಬುಟ್ಟಿಯಾಗಿ ಒಯ್ದು ಸುರಿದು, ಮುಚ್ಚಳದ ಕಲ್ಲಿಟ್ಟು, ಮಣ್ಣು ಮೆತ್ತಿ, ಮೇಲೆ ಆಡು ಕಟ್ಟಿದಳು. ಆ ಜೋಳದಲ್ಲಿ ನಮ್ಮ ಹೊಟ್ಟೆಪಾಡಿತ್ತು, ದೀಪಾವಳಿಯ ನಂತರ ಆಗಬೇಕಿದ್ದ ತಂಗಿ ಗಂಗೂನ ಲಗ್ನದ ಊಟವೂ ಇತ್ತು.

"ಫರಸಿ ಹಾಕೋಕಿಂತ ಮೊದಲ ನನಗ ಯಾಕ ಹೇಳಲಿಲ್ಲ?" ಎಂದೆ.

"ನಿನಗ ಹೇಳಿದ್ರ ಡಂಗುರ ಹೊಡಿಸಿದಂಗ. ನಿನ್ನ ಬಾಯಿ ಅಂದ್ರ ತೂತಿನ ಗಡಿಗಿ. ಮ್ಯಾಲ ಸಾಹೇಬನ ಬಗಲಾಗ ಕುಂದರತಿದ್ದಿ. ಮಾಸ್ತರನ ತಾಯಿ ಲೆವಿ ಕದ್ದಾಳ ಅಂತ ಗೊತ್ತಾದ್ರ ನಿನ್ನ ನೌಕರಿ ಉಳೀತದ? ಮಿರಗದ ಮಳಿ ಬಂತಂದ್ರ ನೀರ ಇಳೀತಾವ. ಜ್ವಾಳ ಹೋತು, ಲಗ್ನ ಹೋತು."

ಇಲ್ಲಿ ಹಗೇವು ಎಂದರೇನೆಂದು ಒಂದು ಮಾತು ಹೇಳಬೇಕು. ಗೊತ್ತಿದ್ದವರು ಈ ಪ್ಯಾರಾ ದಾಟಿ ಹೋಗಿ. ಮಾಸ್ತರಿಕೆಯ ರೋಗ, ಬಿಡುವುದಿಲ್ಲ. ಹಗೇವು ಅಂದರೆ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಒಬ್ಬ ಮನುಷ್ಯ ಮೈ ಕುಗ್ಗಿಸಿ ಇಳಿಯುವಷ್ಟು. ಹೊಟ್ಟೆ ಮಾತ್ರ ದೊಡ್ಡದು. ಒಳಗೆ ಹುಲ್ಲು ಹಾಸಿ ಜೋಳ ತುಂಬಿ ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ತೆಗೆಯುವಾಗ ಮಾತ್ರ ಅವಸರ ಮಾಡಬಾರದು. ಒಳಗೆ ಗಾಳಿ ಕೆಟ್ಟಿರುತ್ತದೆ. ಮೊದಲು ಕಲ್ಲು ಸರಿಸಿ ಬಿಡಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು. ಕಂದೀಲು ಆರಿದರೆ ಇನ್ನೊಂದು ಹೊತ್ತು ಕಾಯಬೇಕು. ಉರಿದರೆ ಮನುಷ್ಯ ಇಳಿಯಬಹುದು. ಹಗೇವಿನ ಜೋಳಕ್ಕೆ ಮಣ್ಣಿನ ಒಂದು ಘಮಟು ವಾಸನೆ ಇರುತ್ತದೆ. ಪರಊರಿನವರು ಅದನ್ನು ಮುಗ್ಗಲು ಎನ್ನುತ್ತಾರೆ. ಅವರ ನಾಲಿಗೆ, ಅವರ ಕರ್ಮ.

ನಾನು ಅಂದು ಮಧ್ಯಾಹ್ನವೇ ಉಪಾಯ ಹೂಡಿದೆ. ಮರುದಿನ ಸಮಿತಿಯ ಸಭೆಯಿತ್ತು; ಪಾಗಾವನ್ನು ಏನಕ್ಕೆ ಬಳಸುವುದೆಂದು ಊರಿನವರು ಸೂಚಿಸಬೇಕು, ನಾನು ಬರೆದು ಸಾಹೇಬರಿಗೆ ಕಳಿಸಬೇಕು. ಮಕ್ಕಳಿಗೆ ಭೂಗೋಳ ಕಲಿಸಲು ಪಾಗಾದ ನೆಲದಲ್ಲಿ ಒಂದು ದೊಡ್ಡ ನಕ್ಷೆ ತೋಡುವುದು ನನ್ನ ಸೂಚನೆ. ಅದರಲ್ಲಿ ಕೃಷ್ಣಾ, ಭೀಮಾ ಎರಡೂ ನದಿ. ಫರಸಿ ಕಿತ್ತು ಕಾಲುವೆ ತೋಡಿ ನಿಜವಾದ ನೀರು ಹರಿಸುವುದು. ಎರಡೂ ನದಿ ಕೂಡುವ ಸಂಗಮ ಸರಿಯಾಗಿ ಮೂರನೆಯ ಕಮಾನಿನ ಕೆಳಗೆ ಬರುವಂತೆ ನಕ್ಷೆಯನ್ನು ನಾನು ಆಗಲೇ ಬಗ್ಗಿಸಿಟ್ಟಿದ್ದೆ. ಭೀಮಾ ನದಿ ಆ ನಕ್ಷೆಯಲ್ಲಿ ಸೊಲ್ಲಾಪುರದ ಹತ್ತಿರ ಹೋಗುವ ಬದಲು ಸಮುದ್ರಕ್ಕೆ ಬೆನ್ನು ಹಾಕಿ ಗುಡ್ಡ ಹತ್ತುತ್ತಿತ್ತು. ಇರಲಿ, ಜೋಳದ ಮುಂದೆ ಭೂಗೋಳ ಎಷ್ಟರದು?

ಸಭೆ ಕೂಡಿತು. ನಾನು ಬಾಯಿ ತೆರೆಯುವ ಮೊದಲೇ ಶರಣಪ್ಪಗೌಡರು ಎದ್ದರು. "ಸ್ವಾತಂತ್ರ್ಯ ಬಂದಾದ. ಝಂಡಾ ಹಾರಿಸೋ ಕಂಬ ಬೇಕು. ಮೊದಲನೇ ಕಮಾನಿನ ಬುಡಕ ಹುಗಿಯೂಣು" ಎಂದರು.

"ಗೌಡ್ರ, ಅಲ್ಲಿ ಮ್ಯಾಲ ಛತ್ತು ಅದ. ಝಂಡಾ ಎಲ್ಲಿ ಹಾರಬೇಕ್ರಿ?" ಎಂದೆ.

"ಹಾರೋದು ಆಮ್ಯಾಲ ನೋಡೂಣಂತ. ಮೊದಲ ತೆಗ್ಗ ತೋಡ್ರಿ" ಎಂದರು ಗೌಡರು.

ಆಮೇಲೆ ಪಟವಾರಿ ರಾಮರಾಯರು ಎದ್ದರು. ಊರಿನ ಲೆವಿಯ ಪಟ್ಟಿ ಬರೆಯುವವರು ಅವರೇ. ಎರಡನೆಯ ಕಮಾನಿನ ಕೆಳಗೆ ಆಳವಾದ ಒಂದು ಹೋಮಕುಂಡ ಆಗಬೇಕು, ಲೋಕಕಲ್ಯಾಣಕ್ಕಾಗಿ ಎಂದರು. ಎಷ್ಟು ಆಳ ಎಂದು ಕೇಳಿದ್ದಕ್ಕೆ, "ಹತ್ತಿದಷ್ಟು" ಎಂದರು. ಪೈಲವಾನ ಭೀಮಣ್ಣ ಗರಡಿಮನೆ ಬೇಕೆಂದ. ಫರಸಿ ಕಿತ್ತು ಕೆಮ್ಮಣ್ಣು ತುಂಬಬೇಕು, ಅದೂ ಆರನೆಯ ಕಮಾನಿನ ಕೆಳಗೇ ಆಗಬೇಕು, ಅಲ್ಲಿ ಹನುಮಪ್ಪನ ಕಣ್ಣು ಬೀಳುತ್ತದೆ. ನಾಗಮ್ಮ ಬಾಗಿಲ ಹೊರಗಿನಿಂದಲೇ, "ಹೆಣ್ಮಕ್ಕಳಿಗೂ ಏನರೆ ಮಾಡ್ರಿ ಮತ್ತ. ಖಾರ ಕುಟ್ಟಾಕ ಒಂದ್ ಒರಳು ಹುಗೀರಿ. ಐದನೇ ಕಮಾನಿನ ಬುಡಕ" ಎಂದಳು.

ನಾನು ಒಂದೊಂದನ್ನೂ ಅಂದವಾಗಿ ಬರೆದುಕೊಂಡೆ. ಕೊನೆಗೆ ನನ್ನ ಕೃಷ್ಣಾ–ಭೀಮಾ ಸಂಗಮವನ್ನೂ ಬರೆದೆ. ಬರೆದದ್ದನ್ನು ಮೊದಲಿನಿಂದ ಓದಿ ನೋಡಿದಾಗ ನನ್ನಂಥ ಮಂಕನಿಗೂ ತಲೆಗೆ ಹೊಳೆಯಿತು. ಒಬ್ಬರಾದರೂ ನೆಲದ ಮೇಲೆ ಮಾಡುವಂಥದ್ದು ಕೇಳಿರಲಿಲ್ಲ. ಭಜನೆ ಬೇಡ, ಬಯಲಾಟ ಬೇಡ, ಹೊಲಿಗೆ ಕ್ಲಾಸು ಬೇಡ. ಎಲ್ಲರಿಗೂ ತೆಗ್ಗೇ ಬೇಕು. ಎಂಟು ದಿನ ಊರು ಮೂಕಾಗಿ ನಿಂತದ್ದು ಕಲಾಭಿಮಾನದಿಂದಲ್ಲ, ನಾಗಮ್ಮ ಅತ್ತದ್ದು ಪರಂಪರೆಗಾಗಿ ಅಲ್ಲ. ಎಲ್ಲರೂ ಅವ್ವನಷ್ಟೇ ಜಾಣರು. ಆದರೆ ಹೇಳಿಕೊಳ್ಳುವವರು ಯಾರು? ಗೌಡರು ಪಟವಾರಿಗೆ ಅಂಜಿದ್ದರು, ಪಟವಾರಿ ಗೌಡರಿಗೆ ಅಂಜಿದ್ದರು, ಇಬ್ಬರೂ ಸಾಹೇಬರ ಬಗಲಿನ ಮಾಸ್ತರನಿಗೆ ಅಂಜಿದ್ದರು. ಮಾಸ್ತರ ತನ್ನ ನೌಕರಿಗೆ ಅಂಜಿದ್ದ.

ಮೂಲೆಯಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದ ಹುಸೇನ್ ಸಾಬ ನಗುತ್ತಿದ್ದ. ಸಭೆ ಮುಗಿದ ಮೇಲೆ ಅವನನ್ನು ಹಿಡಿದು, "ಚಾಚಾ, ಫರಸಿ ಹಾಸುವಾಗ ನಿನಗ ಏನೂ ಗೊತ್ತಾಗಲಿಲ್ಲ?" ಎಂದೆ.

"ಗೊತ್ತಾಗದ ಏನು ಮಾಸ್ತರ? ಎಲ್ಲಿ ಬಡದ್ರೂ ಡೊಳ್ಳು ಬಡದಂಗ ಆಗ್ತಿತ್ತು" ಎಂದ.

"ಮತ್ತ ಹೇಳಬಾರದಾ?"

"ನನಗ ಫರಸಿ ಹಾಕಂದ್ರು, ಹಾಕಿದೆ. ಕೆಳಗ ಏನದ ಅಂತ ಯಾರು ಕೇಳಿದ್ರು?" ಎಂದು ಉಗುಳಲು ಎದ್ದು ಹೋದ. ಸರಕಾರಿ ಕೆಲಸದ ಮರ್ಮವನ್ನು ಇಷ್ಟು ಸಣ್ಣ ಮಾತಿನಲ್ಲಿ ಹೇಳಿದವರನ್ನು ನಾನು ಮುಂದೆ ಕಾಣಲಿಲ್ಲ.

ಬೇರೆ ದಾರಿ ತೋಚದೆ ಪಟ್ಟಿಯನ್ನು ಹಾಗೇ ಕಳಿಸಿದೆ. ಸಾಹೇಬರು ಓದಿ ಗಾಬರಿಯಾಗಿ ಮರುವಾರವೇ ಬಂದರು. ಆಕಾಶದಲ್ಲಿ ಮೋಡ ಕಟ್ಟಿತ್ತು. ಊರೆಲ್ಲ ಪಾಗಾದಲ್ಲಿ ನೆರೆಯಿತು. ಹೆಂಗಸರು ಬಾಗಿಲ ಹತ್ತಿರ ನಿಂತರು, ಅವರಲ್ಲಿ ಅವ್ವನೂ ಇದ್ದಳು. ಸಾಹೇಬರು ನನ್ನ ಕಾಗದ ಹಿಡಿದು, "ಛಾವಣಿಯ ಕೆಳಗೆ ಧ್ವಜಸ್ತಂಭ. ಕೃಷ್ಣಾ ಭೀಮಾ ಸಂಗಮ. ಇದೆಂಥದ್ದು ಮಾರಾಯರೇ? ಹೀಗೆ ಅಗೆಯುತ್ತ ಹೋದರೆ ಪಾಗಾ ಉಳಿಯುತ್ತದೆಯೇ?" ಎಂದರು. ಕಾಗದ ಮಡಚಿ ಜೇಬಿಗಿಟ್ಟು ಮುಂದುವರಿಸಿದರು: "ನಿಮ್ಮ ಕೈಯಿಂದ ಈ ನೆಲವನ್ನು ಕಾಪಾಡಬೇಕಾಗಿದೆ. ನಾಳೆಯೇ ಫರಸಿಯ ಮೇಲೆ ಒಂದು ಗೇಣು ಗಚ್ಚು ಹಾಕಿಸುತ್ತೇನೆ. ಮತ್ತೆ ನೂರು ವರ್ಷ ಯಾರೂ ಗುದ್ದಲಿ ಮುಟ್ಟಿಸಬಾರದು."

ಶರಣಪ್ಪಗೌಡರು ಕಂಬಕ್ಕೆ ಒರಗಿದರು. ಪಟವಾರಿ ಕಣ್ಣುಮುಚ್ಚಿ ಏನೋ ಮಣಮಣ ಅಂದರು. ನಾನು ಕಾರ್ಯದರ್ಶಿ, ನಾನು ಏನಾದರೂ ಹೇಳಬೇಕಿತ್ತು. ನಾಚಿಕೆಯಿಂದಲೇ ಹೇಳುತ್ತೇನೆ, ಅವ್ವ ತೂತಿನ ಗಡಿಗೆ ಎಂದ ನನ್ನ ಬಾಯಿ ಅವತ್ತು ಒಂದು ಹನಿಯೂ ಸೋರಲಿಲ್ಲ. ಬೇಕಾದಾಗ ಮುಚ್ಚುವುದು, ಬೇಡವಾದಾಗ ತೆರೆಯುವುದು ಅದರ ಗುಣ.

ಅವ್ವನೇ ಹೆಂಗಸರ ಗುಂಪು ದಾಟಿ ಬಂದಳು. ಮೂರನೆಯ ಕಮಾನಿನ ಕೆಳಗೆ ಹೋಗಿ ಫರಸಿಯ ಮೇಲೆ ಕೂತೇಬಿಟ್ಟಳು.

"ಸಾಹೇಬ್ರ, ಇದರ ಬುಡಕ ನನ್ನ ಜ್ವಾಳ ಅದರಿ. ಲೆವಿಗೆ ಅಂಜಿ ಇಟ್ಟೀನಿ. ನನ್ನ ಮಗಗ ಗೊತ್ತಿಲ್ಲ, ಗೊತ್ತಿದ್ರ ಫರಸಿ ಹಾಕಸ್ತಿದ್ದಿಲ್ಲ. ಶಿಕ್ಷಾ ಮಾಡೂದಿದ್ರ ನನಗ ಮಾಡ್ರಿ. ಮಗಳ ಲಗ್ನದ ಜ್ವಾಳರಿ, ಮ್ಯಾಲ ಗಚ್ಚು ಹಾಕಬ್ಯಾಡ್ರಿ" ಎಂದಳು. ಅವಳ ದನಿ ನಡುಗಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಅಪ್ಪ ಸತ್ತಾಗಲೂ ನಡುಗಿರಲಿಲ್ಲ.

ಸಾಹೇಬರು ಮಾತಾಡುವ ಮೊದಲು ನಾಗಮ್ಮ ಹೋಗಿ ಐದನೆಯ ಕಮಾನಿನ ಕೆಳಗೆ ಕೂತಳು. "ನಂದೂ ಅದರಿ" ಎಂದಳು. ಭೀಮಣ್ಣ ಆರನೆಯದರ ಕೆಳಗೆ ಕೂತ. ಗೌಡರು ಕಂಬ ಬಿಟ್ಟು ಮೊದಲನೆಯದರ ಕೆಳಗೆ ಬಂದು, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಕೊನೆಗೆ ಉಳಿದವರು ಪಟವಾರಿ ರಾಮರಾಯರು. ಅವರು ಆಚೆ ಈಚೆ ನೋಡಿ, "ನನ್ನದು ಸ್ವಲ್ಪೇ ಅದ" ಎನ್ನುತ್ತ ಎರಡನೆಯದರ ಕೆಳಗೆ ಕೂತರು.

ಸಾಹೇಬರು ಕೂತವರನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತ ಬಂದರು. ಆಮೇಲೆ, "ಕೆಳಗೆ ಪೊಳ್ಳು ಇದೆಯೇ?" ಎಂದು ಮಾತ್ರ ಕೇಳಿದರು. ಹುಸೇನ್ ಸಾಬ ಹಾರೆ ತಂದು ಅವ್ವ ಕೂತಿದ್ದ ಫರಸಿ ಎಬ್ಬಿಸಿದ. ಎರಡು ಏಟಿಗೆ ಎದ್ದಿತು. ಟೊಳ್ಳು ಸದ್ದು ಬಂದಲ್ಲೆಲ್ಲ ಗಚ್ಚು ಹಾಕದೆ ಬರೀ ಮಣ್ಣಿನ ಮೇಲೆ ಕೂಡಿಸಿದ್ದನಂತೆ. ಯಾಕೆಂದು ಯಾರೂ ಕೇಳಿರಲಿಲ್ಲವಲ್ಲ, ಅದಕ್ಕೇ ಹೇಳಿರಲಿಲ್ಲ. ಮುಚ್ಚಳದ ಕಲ್ಲು ಸರಿಸಿ ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದೆವು. ಊರೆಲ್ಲ ಬಗ್ಗಿ ನೋಡಿತು. ಕಂದೀಲು ಉರಿಯಿತು. ಆದರೆ ಅದರ ಬೆಳಕು ಹಗೇವಿನ ಗೋಡೆಗೆ ತಾಗಬೇಕಿತ್ತು, ತಾಗಲಿಲ್ಲ. ಆಚೆ ಕತ್ತಲೆಯೊಳಗೆ ಹೋಯಿತು.

ಕೆಳಗಿದ್ದದ್ದು ಬೇರೆಬೇರೆ ಹಗೇವಲ್ಲ, ಒಂದೇ. ಪಾಗಾದಷ್ಟೇ ಉದ್ದದ ನೆಲಮನೆ, ಹಿಂದೆ ಕುದುರೆಗಳ ಹುರುಳಿ ತುಂಬಿಡುತ್ತಿದ್ದ ಜಾಗವಿರಬೇಕು. ಕಮಾನಿಗೊಂದು ಬಾಯಿ ಇಟ್ಟಿದ್ದರು, ಆಯಾ ಕುದುರೆಯ ಮುಂದೆಯೇ ಹುರುಳಿ ಎತ್ತಿಕೊಳ್ಳಲೆಂದು. ಊರಿನ ಜಾಣರೆಲ್ಲ ತಾವೊಬ್ಬರೇ ಜಾಣರೆಂದುಕೊಂಡು, ತಮತಮಗೆ ಸಿಕ್ಕ ಬಾಯಿಂದ ಅದೇ ಒಂದು ಹೊಟ್ಟೆಗೆ ಜೋಳ ಸುರಿದಿದ್ದರು. ಗುಡ್ಡೆಗಳು ಒಂದರ ಮೇಲೊಂದು ಜಾರಿ, ಶಹಾಪುರದ ಬೆಟ್ಟ ಮಲಗಿದ ಹಾಗೆ ಒಂದೇ ಉದ್ದನೆಯ ರಾಶಿಯಾಗಿತ್ತು. ಪಟವಾರಿಗಳು ಗುರುತಿಗೆಂದು ತಮ್ಮ ಹೆಸರು ಬರೆದು ಹಾಕಿದ್ದ ಚೀಟಿ ಭೀಮಣ್ಣನ ಬಾಯಿಯ ಕೆಳಗೆ ಸಿಕ್ಕಿತು.

ಸಾಹೇಬರು ಕೋಟು ಬಿಚ್ಚಿದರು. ಬೇಡವೆಂದರೂ ಕೇಳದೆ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದರು. ಭೀಮಣ್ಣ ಹಗ್ಗ ಹಿಡಿದಿದ್ದ. ಮೇಲೆ ನಿಂತ ನಮ್ಮ ಜೀವ ಕೈಯಲ್ಲಿತ್ತು. ತಾಲೂಕಿನಲ್ಲಿ ಲೆವಿ ವಸೂಲು ಮಾಡುವ ಅಧಿಕಾರಿ, ಲೆವಿ ತಪ್ಪಿಸಿದ ಜೋಳದಲ್ಲಿ ಮೊಳಕಾಲು ಮಟ್ಟ ಹುಗಿದು ನಿಂತಿದ್ದರು. ಕೆಳಗಿನಿಂದ ಅವರ ದನಿ ಮಾತ್ರ ಬರುತ್ತಿತ್ತು. "ಎಂಥ ಕಮಾನು ಮಾರಾಯರೇ! ಗಾರೆಯೇ ಇಲ್ಲದೆ ನಿಂತಿದೆ. ಮಾಸ್ತರರೇ, ಬರೆದುಕೊಳ್ಳಿ."

ನಾನು ಬರೆದುಕೊಂಡೆ. ಕೊನೆಗೆ ಗೌಡರು ತಡೆಯಲಾರದೆ ಬಾಯಿಗೆ ಕೈ ಹಿಡಿದು ಕೂಗಿದರು. "ಸಾಹೇಬ್ರ, ಮತ್ತ ಜ್ವಾಳ ಏನ್ ಮಾಡೂಣ್ರಿ?"

ಕೆಳಗೆ ಜೋಳದಲ್ಲಿ ಹೆಜ್ಜೆ ಕಿತ್ತಿಟ್ಟ ಸದ್ದಾಯಿತು. ಆಮೇಲೆ, "ಯಾವ ಜೋಳ?" ಎಂದು ಕೇಳಿತು.

ಕಮಾನಿನ ಮೋಹದಲ್ಲಿ ಅವರಿಗೆ ಜೋಳ ಕಾಣಲೇ ಇಲ್ಲವೋ, ಕಂಡೂ ಕಾಣಲಿಲ್ಲವೋ, ಇಂದಿಗೂ ನನಗೆ ತಿಳಿಯದು. ಮೇಲೆ ಬಂದಾಗ ಬೂಟಿನೊಳಗಿಂದ ಸೇರುಗಟ್ಟಲೆ ಜೋಳ ಕೊಡವಿದರು, ಆದರೆ ಅತ್ತ ನೋಡಲಿಲ್ಲ. ಅಂಥ ಅಧಿಕಾರಿಗೆ ಸರಕಾರ ಏನೂ ಬಿರುದು ಕೊಟ್ಟಹಾಗಿಲ್ಲ. ನಮ್ಮವ್ವ ಮಾತ್ರ ಸಾಯುವವರೆಗೆ ದೇವರ ಜಗುಲಿಯ ಮುಂದೆ ಅವರ ಹೆಸರು ಹೇಳುತ್ತಿದ್ದಳು.

ಸಾಹೇಬರೇನೋ ಬಿಟ್ಟರು, ಊರಿನವರು ಬಿಡಬೇಕಲ್ಲ. ಯಾರು ಎಷ್ಟು ಹಾಕಿದ್ದರೆಂ‌ಬ ಜಗಳ ಅಲ್ಲೇ ಶುರುವಾಯಿತು. ಒಬ್ಬೊಬ್ಬರು ಹೇಳಿದ್ದನ್ನೆಲ್ಲ ಕೂಡಿಸಿದರೆ ಪಾಗಾ ಏಕೆ, ವನದುರ್ಗದ ಕೋಟೆಯೂ ತುಂಬುತ್ತಿತ್ತು. ಭೀಮಣ್ಣ ತೋಳು ಮಡಚಿದ. ಆಗ ಮತ್ತೆ ಅವ್ವನೇ ಬಾಯಿ ಹಾಕಿದಳು.

"ಕೂಡಿದ್ದು ಕೂಡೇ ಹೋಗ್ಯಾದ. ಇದರಾಗ ನಂದು ಆರಿಸಿ ಕೊಡ್ರಿ ಅಂದ್ರ ಯಾರು ಆರಿಸ್ತೀರಿ? ಇಲ್ಲಿ ಇಟ್ಟಾಗ ಎಲ್ಲಾರೂ ಕದ್ದೇ ಇಟ್ಟೀವಿ. ಯಾರು ಯಾರಿಗೆ ಕಳ್ಳ ಅನ್ನೂಣು? ಜ್ವಾಳ ಅಲ್ಲೇ ಇರಲಿ. ಯಾರ ಮನ್ಯಾಗ ಗಡಿಗಿ ಖಾಲಿ ಆಗ್ತದ ಅವರು ಒಯ್ಯಲಿ. ಸುಗ್ಗಿಗೆ ತಂದು ತಮ್ಮ ಬಾಯಾಗ ಹಾಕಲಿ."

ಅವಳ ಮಾತಿಗೆ ಎದುರಾಡಲು ಗೌಡರು ಬಾಯಿ ತೆರೆದರು. ಲೆವಿ ಕದ್ದ ಗೌಡ ಎಂಬುದು ಅಷ್ಟರಲ್ಲಿ ನೆನಪಾಗಿ ಮುಚ್ಚಿದರು. ಹಗೇವು ತೆಗೆದ ದಿನ ಎದುರಿಗೆ ಇದ್ದವರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದೆಂಬುದು ನಮ್ಮ ಮನೆಯ ಪದ್ಧತಿ. ಮೊದಲ ಬುಟ್ಟಿ ಬೀಸಿದರು, ನಾಗಮ್ಮ ಪಾಗಾದ ಅಂಗಳದಲ್ಲೇ ಒಲೆ ಹೂಡಿ ರೊಟ್ಟಿ ಬಡಿದಳು. ಅನ್ನ ಉಂಡು ಬೆಳೆದ ಸಾಹೇಬರು ಬಿಸಿ ರೊಟ್ಟಿ, ಪುಂಡಿಪಲ್ಯ, ಕೆಂಪುಖಾರ ತಿಂದು ಕಣ್ಣಲ್ಲಿ ನೀರು ತಂದುಕೊಂಡರು. ಊಟವಾದ ಮೇಲೆ ನನ್ನನ್ನು ಕರೆದು, ಸಾರ್ವಜನಿಕ ಉಪಯೋಗ ಎಂಬಲ್ಲಿ 'ವಾಚನಾಲಯ' ಎಂದು ಬರೆಯಿರಿ ಎಂದರು. ಹೊರಡುವಾಗ ಮಿರಗದ ಮೊದಲ ಹನಿ ಬಿತ್ತು.

ಹೀಗೆ ನಮ್ಮೂರಿಗೆ ವಾಚನಾಲಯ ಬಂತು. ನಾನೇ ಅದರ ವ್ಯವಸ್ಥಾಪಕ. ಒಂದು ಬೆಂಚು, ಎರಡು ದಿನ ತಡವಾಗಿ ಬರುವ ಒಂದು ಪತ್ರಿಕೆ, ಪಕ್ಕದಲ್ಲಿ ಸಡಿಲವಾದ ಒಂದು ಫರಸಿ. ಜನ ಚೀಲ, ಬುಟ್ಟಿ ಹಿಡಿದು ವಾಚನಾಲಯಕ್ಕೆ ಬರುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ಬೇರೊಬ್ಬ ಅಧಿಕಾರಿ, ಅಕ್ಷರ ಬಾರದ ಹೆಂಗಸರೇ ತುಂಬಿರುವುದನ್ನು ಕಂಡು, ಇವರು ಏನು ಓದುತ್ತಾರೆಂದು ಕೇಳಿದ. "ನಾ ಓದ್ತೀನ್ರಿ, ಅವರು ಕೇಳ್ತಾರ" ಎಂದೆ. ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡೆ; ಮರುದಿನದಿಂದ ನಿಜವಾಗಿ ಓದಬೇಕಾಯಿತು. ಒಬ್ಬರು ಜೋಳ ಎತ್ತುವಾಗ ಉಳಿದವರು ಕಾಯಬೇಕಿತ್ತು, ಕಾಯುವಷ್ಟು ಹೊತ್ತು ನಾನು ಪತ್ರಿಕೆ ಓದುತ್ತಿದ್ದೆ. ಆಗ ಗೌಡರ ಸೊಸೆಯೂ ನಾಗಮ್ಮನೂ ಒಂದೇ ಫರಸಿಯ ಮೇಲೆ ಕೂಡುತ್ತಿದ್ದರು, ಬೇರೆ ಎಲ್ಲೂ ಕೂಡುತ್ತಿರಲಿಲ್ಲ. ಗಂಗೂನ ಲಗ್ನದ ಜೋಳ ಅಲ್ಲಿಂದಲೇ ಬಂತು, ನಾಗಮ್ಮನೇ ರೊಟ್ಟಿ ಬಡಿದಳು.

ಹೈದರಾಬಾದನ್ನು ಒಡೆದು ನಮ್ಮನ್ನು ಮೈಸೂರಿಗೆ ಸೇರಿಸುತ್ತಾರೆಂಬ ಸುದ್ದಿಯನ್ನೂ ನಾನು ಅಲ್ಲಿಯೇ ಓದಿದೆ. ಕನ್ನಡದವರೆಲ್ಲ ಒಂದಾಗುತ್ತೇವೆಂದು ದನಿ ಏರಿಸಿ ಓದಿದೆ. ಕಣ್ಣು ತೇವವಾಗಿತ್ತು. ಅವ್ವ ಎಲ್ಲವನ್ನೂ ಕೇಳಿ, "ಮೈಸೂರಿನವರು ಜ್ವಾಳ ತಿಂತಾರ?" ಎಂದಳು.

"ಇಲ್ಲವ್ವ, ರಾಗಿ ತಿಂತಾರ."

"ಹಂಗಾರ ಚಿಂತಿಲ್ಲ, ಕೂಡೂಣು" ಎಂದು ಬುಟ್ಟಿ ಎತ್ತಿಕೊಂಡಳು. ಏಕೀಕರಣಕ್ಕೆ ನಮ್ಮೂರಿನ ಒಪ್ಪಿಗೆ ಸಿಕ್ಕಿದ್ದು ಹೀಗೆ.

ಲೆವಿ ಹೋಯಿತು, ರೇಷನ್ ಅಂಗಡಿ ಬಂತು, ಕಾಲುವೆ ನೀರು ಬಂದು ಜೋಳದ ಹೊಲಗಳಲ್ಲಿ ಭತ್ತ ನಿಂತಿತು. ಸುರಿಯುವವರು ಕಡಿಮೆಯಾಗಿ, ಒಯ್ಯುವವರೂ ಕಡಿಮೆಯಾಗಿ, ಒಂದು ವರ್ಷ ಆ ಫರಸಿ ಮುಚ್ಚಿದ್ದು ಮುಚ್ಚಿಯೇ ಉಳಿಯಿತು. ಅವ್ವ ಹೋಗುವ ಮುಂಚೆ ನನ್ನನ್ನು ಹತ್ತಿರ ಕರೆದು, "ಮತ್ತ ಯಾವ ಸರಕಾರ ಹ್ಯಾಂಗ ಬರ್ತದೋ. ಬಾಯಿಗೆ ಫರಸಿ ಹಾಕ್ಕೊಂಡ್ ಇರು" ಎಂದಿದ್ದಳು. ಇದ್ದೆ. ಹೆಂಡತಿಗೂ ಹೇಳಿರಲಿಲ್ಲ. ಅದಕ್ಕೇ ಅವಳು ನಾನು ನೆಲ ಕುಟ್ಟುವಾಗೆಲ್ಲ ಬುದ್ಧಿ ಹುಡುಕುತ್ತಿದ್ದೇನೆಂದುಕೊಂಡದ್ದು.

ಮೊನ್ನೆ ಊರಿಗೆ ಹೋಗಿದ್ದೆ. ಪಾಗಾವನ್ನು ಮತ್ತೆ ರಿಪೇರಿ ಮಾಡುತ್ತಿದ್ದಾರೆ. ಮತ್ತೆ ಸಮಿತಿ, ಮತ್ತೆ ಸಾರ್ವಜನಿಕ ಉಪಯೋಗ. ಹಿರಿಯರೆಂದು ನನ್ನನ್ನೂ ಕುರ್ಚಿ ಹಾಕಿ ಕೂಡಿಸಿದರು. ಯೋಗ ಕೇಂದ್ರ, ವಸ್ತುಸಂಗ್ರಹಾಲಯ, ಕಲ್ಯಾಣಮಂಟಪ ಎಂದು ಒಬ್ಬೊಬ್ಬರು ಹೇಳುತ್ತಿದ್ದರು; ಎಲ್ಲವೂ ನೆಲದ ಮೇಲೆ ಮಾಡುವಂಥವೇ. ನಾಗಮ್ಮನ ಮೊಮ್ಮಗಳು ಈಗ ಇಂಜಿನಿಯರು, ಅವಳೇ ಕೆಲಸ ನೋಡಿಕೊಳ್ಳುವವಳು. ಆ ಹುಡುಗಿ ಸಭೆಯ ಮಾತಿಗೆ ಕಿವಿಗೊಡದೆ ಮೂರನೆಯ ಕಮಾನಿನ ಕೆಳಗೆ ತಲೆತಗ್ಗಿಸಿ ನಿಂತು, ಹಿಮ್ಮಡಿಯಿಂದ ಎರಡು ಸಲ ಕುಟ್ಟಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಅಜ್ಜಾ, ಇದರ ಕೆಳಗ ಏನರೆ ಅದ ಏನ್ರಿ?"

ಯಾರೂ ಕೇಳದಿದ್ದದ್ದನ್ನು ಅವಳು ಕೇಳಿದ್ದಳು. ಅವ್ವನ ಆಣೆ ನೆನಪಾಯಿತು. ಅವ್ವ ಮೂರನೆಯ ಕಮಾನಿನ ಕೆಳಗೆ ಕೂತು ನಡುಗಿದ ದನಿಯಲ್ಲಿ ಹೇಳಿದ್ದೂ ನೆನಪಾಯಿತು. ಅವತ್ತು ಬಾಯಿ ತೆರೆಯಬೇಕಾದವನು ನಾನು, ತೆರೆದವಳು ಅವ್ವ. ಆ ಹುಡುಗಿ ಬ್ಯಾಟರಿ ಹೊತ್ತಿಸಿ ಫರಸಿಯ ಸಂದಿಗೆ ಹಿಡಿಯಲು ಬಗ್ಗುತ್ತಿದ್ದಳು.

"ಬ್ಯಾಟರಿ ಬ್ಯಾಡವ್ವ, ಗಾಳಿ ಇಲ್ಲದ ಕಡೀನೂ ಅದು ಉರೀತದ" ಎಂದೆ. "ಒಂದು ಕಂದೀಲ ತಗೊಂಡ್ ಬಾ. ಹೇಳ್ತೀನಿ."